ರೋಡ್ ಖಾಲಿ ಇತ್ತು

"ತಡೀ ಮಗಾ, ಹಗ್ಗ ದಾಟಂಗಿಲ್ಲ!" ಎಂದು ಪೊಲೀಸಣ್ಣ ಕೈ ಅಡ್ಡ ಹಿಡಿದ. ಅಷ್ಟರಲ್ಲಿ ಮಂಗಳ ಹಗ್ಗದಡಿ ನುಸುಳಿ ಆಚೆ ನಿಂತಾಗಿತ್ತು.

"ನಮ್ ತ್ವಾಟ ಸಾ ಇದು. ನಮ್ ತ್ವಾಟಕ್ಕೆ ನಾ ಓಗ್ಬಾರ್ದಾ?"

ಪೊಲೀಸಣ್ಣ ಅಡ್ಡ ಹಿಡಿದ ಕೈ ಇಳಿಸಿದ.

ಯಳಂದೂರು ದಾಟಿದ ಮೇಲೆ, ಕೊಳ್ಳೇಗಾಲದ ರಸ್ತೆಗೆ ತಾಗಿಕೊಂಡೇ ಇರುವ ಹಿಪ್ಪುನೇರಳೆ ತೋಟ ಅದು. ಅದರ ನಟ್ಟನಡುವೆ ಇಬ್ಬರೇ ಕೂರುವ ಪುಟ್ಟ ಟ್ರೈನಿಂಗ್ ವಿಮಾನವೊಂದು ಮೂತಿ ಊರಿ ಕುಳಿತಿತ್ತು. ಆಕಾಶದಲ್ಲೇ ಇಂಜಿನ್ ನಿಂತುಹೋಗಿ, ಹನ್ನೆರಡು ಗಂಟೆಗೆ ಇಳಿದದ್ದು. ಒಬ್ಬರೇ ಇದ್ದ ಪೈಲಟಮ್ಮನಿಗೆ ಹಣೆ ತರಚಿತ್ತು, ಅಷ್ಟೇ. ತೋಟದ ಗತಿ ಮಾತ್ರ ಕೇಳಬೇಡಿ. ಆರು ಸಾಲು ಗಿಡ ನೆಲಕ್ಕೆ ಮಲಗಿದ್ದವು. ಉಳಿದ ಸೊಪ್ಪಿಗೆಲ್ಲ ಪೆಟ್ರೋಲ್ ಚಿಮ್ಮಿತ್ತು.

ಮನೆಯಲ್ಲಿ ರೇಷ್ಮೆಹುಳುಗಳು ಆಗಷ್ಟೇ ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಈ ಜ್ವರ ಕಾಯಿಲೆಯಲ್ಲ, ಹುಳು ಊಟ ಬಿಟ್ಟು ಚರ್ಮ ಕಳಚುವ ಹೊತ್ತು. ಎದ್ದಮೇಲೆ ಅವಕ್ಕೆ ಬಕಾಸುರನ ಹಸಿವು! ಆಗ ಸೊಪ್ಪು ತಪ್ಪಿದರೆ ಗೂಡು ಸೊರಗುತ್ತದೆ. ಪೆಟ್ರೋಲ್ ವಾಸನೆಯ ಸೊಪ್ಪು ಹಾಕಿದರೆ ಹುಳುವೇ ಉಳಿಯುವುದಿಲ್ಲ. ಪೌಡರ್ ಹಾಕಿಕೊಂಡು ಬಂದವರನ್ನೂ ಅಜ್ಜಿ ಹುಳುಮನೆಯೊಳಕ್ಕೆ ಬಿಡುತ್ತಿರಲಿಲ್ಲ. ಈಗ ಅದೇ ಅಜ್ಜಿ ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ಕುಳಿತಿದ್ದಳು. ಅದನ್ನು ನೋಡಿದಾಗಿನಿಂದ ಮಂಗಳಳಿಗೆ ಸಿಟ್ಟು ತಡೆಯಲಾಗುತ್ತಿರಲಿಲ್ಲ.

ಪೈಲಟಮ್ಮ ಬದುವಿನ ಮೇಲೆ ಕುಳಿತು ನೀರು ಕುಡಿಯುತ್ತಿದ್ದರು. ಪಕ್ಕದಲ್ಲಿ ಅಪ್ಪ ಚಿಕ್ಕಮಾದಪ್ಪ ಹೆಗಲ ಟವೆಲ್ಲನ್ನು ಸುಮ್ಮನೆ ಹಿಂಡುತ್ತ ನಿಂತಿದ್ದ. ಮಂಗಳ ಸೊಂಟಕ್ಕೆ ಕೈಯಿಟ್ಟು ಅವರೆದುರು ನಿಂತಳು.

"ಮೇಡಂ, ಒಂದ್ ಕೊಶ್ಚನ್. ಪಕ್ಕದಲ್ಲೇ ರೋಡ್ ಇತ್ತಲ್ವಾ? ಸ್ಕೇಲ್ ಇಟ್ಟು ಗೆರೆ ಎಳ್ದಂಗೈತೆ. ಅದ ಬುಟ್ಟು ನಮ್ ತ್ವಾಟಕ್ಕೆ ಯಾಕ್ ಇಳ್ಸುದ್ರಿ?"

"ಸುಮ್ಕಿರು ಮಗಾ," ಎಂದ ಅಪ್ಪ.

"ಸುಮ್ಕಿರಕಿಲ್ಲ! ರೋಡ್ ಖಾಲಿ ಇತ್ತು. ಒಂದ್ ಬಸ್ ಇರ್ನಿಲ್ಲ, ಒಂದ್ ಲಾರಿ ಇರ್ನಿಲ್ಲ. ನಾನೇ ರೋಡಲ್ಲಿದ್ದೆ!"

ಪೈಲಟಮ್ಮನಿಗೆ ಕೋಪ ಬರಲಿಲ್ಲ. ಬಾಟಲಿ ಕೆಳಗಿಟ್ಟರು.

"ಸರಿಯಾಗೇ ಕೇಳಿದೆ. ನಾಳೆ ದೊಡ್ಡ ಆಫೀಸರ್‌ಗಳೂ ನನ್ನನ್ನ ಇದನ್ನೇ ಕೇಳ್ತಾರೆ. ಮೊದಲು ರಸ್ತೆಗೇ ಇಳಿಸ್ಬೇಕು ಅಂತಿದ್ದೆ ಪುಟ್ಟಿ. ಕೆಳಗೆ ಬಂದಾಗ ರಸ್ತೆ ಮೇಲೆ ಬೆಳ್ಳಗೆ ಏನೋ ಸಾಲಾಗಿ ಹೋಗ್ತಿತ್ತು. ಕುರಿಮಂದೆ ಅಂದ್ಕೊಂಡೆ. ಕುರಿ ಹಿಂದೆ ಕಾಯೋರು ಇರ್ತಾರಲ್ಲ? ಅದಕ್ಕೇ ಪಕ್ಕಕ್ಕೆ ತಿರುಗಿಸ್ದೆ."

ಅಪ್ಪನಿಗೂ ಈಗ ರೇಗಿತು. "ಕುರಿಯಾ? ಈ ರೋಡಲ್ಲಿ ಯಾವ ಕುರಿ ಬತ್ತವೆ ಕಣವ್ವಾ? ನಮ್ಮೂರಲ್ಲಿ ಕುರಿ ಸಾಕೋರೇ ಇಲ್ಲ!"

ಹಗ್ಗದ ಬಳಿ ನಿಂತಿದ್ದವರಲ್ಲಿ ಯಾರೋ ನಕ್ಕರು. ಪೈಲಟಮ್ಮನ ಮುಖ ಬಾಡಿಹೋಯಿತು.

"ಇಲ್ವಾ? ಹಾಗಾದ್ರೆ ನಾನೇ ತಪ್ಪು ನೋಡಿದ್ನೇನೋ. ಯೋಚನೆ ಮಾಡೋಕೆ ಟೈಮೇ ಇರ್ಲಿಲ್ಲ. ಇಲ್ಲದ ಕುರಿಗೋಸ್ಕರ ನಿಮ್ಮ ತೋಟ ಹಾಳುಮಾಡ್ಬಿಟ್ಟೆ."

'ನೋಡುದ್ರಾ, ನಾ ಏಳ್ಲಿಲ್ವಾ?' ಎನ್ನಲು ಮಂಗಳ ಬಾಯಿ ತೆರೆದಳು. ಅಷ್ಟರಲ್ಲಿ ಏನೋ ನೆನಪಾಯಿತು.

ಇವತ್ತು ಶನಿವಾರ. ಸ್ಕೂಲು ಅರ್ಧ ದಿನ. ಬಿಟ್ಟ ಮೇಲೆ ಮಂಗಳ ಸೇರಿ ಹನ್ನೊಂದು ಜನ ಮಕ್ಕಳು ಸೈಕಲ್ಲಿನಲ್ಲಿ ಸಾಲಾಗಿ ಇದೇ ರಸ್ತೆಯಲ್ಲಿ ಬಂದಿದ್ದರು. ಸದ್ದೇ ಇಲ್ಲದೆ ವಿಮಾನ ತಲೆಯ ಮೇಲೆ ಬಂದಾಗ ಮಂಗಳ ಹ್ಯಾಂಡಲ್ ಬಿಟ್ಟು ಎರಡೂ ಕೈ ಬೀಸಿದ್ದಳು. ಅವಳು ತಲೆ ತಗ್ಗಿಸಿ ತನ್ನನ್ನೇ ನೋಡಿಕೊಂಡಳು. ಬಿಳಿ ಷರ್ಟು, ಬಿಳಿ ಸ್ಕರ್ಟು. ಶನಿವಾರದ ಯೂನಿಫಾರ್ಮ್.

"ಅವು ಕುರಿ ಅಲ್ಲ ಮೇಡಂ," ಎಂದಳು. "ನಾವು."

ಅಪ್ಪ ಮಗಳ ಷರ್ಟು ನೋಡಿದ, ರಸ್ತೆ ನೋಡಿದ. ಹತ್ತಿರ ಬಂದು ಅವಳ ತಲೆಯ ಮೇಲೆ ಕೈಯಿಟ್ಟವನು ಎಷ್ಟೋ ಹೊತ್ತು ತೆಗೆಯಲಿಲ್ಲ.

"ನಮ್ಮಣ್ಣ ದೊಡ್ಡಮಾದಪ್ಪನ ತ್ವಾಟದಲ್ಲಿ ಎಲ್ಡ್ ಮೂಟೆ ಸೊಪ್ಪು ಕೇಳ್ಕ ಬತ್ತೀನಿ," ಎಂದು ಮುಖ ಒರೆಸಿಕೊಳ್ಳುತ್ತ ಹೊರಟ.

ಮಂಗಳ ಬದುವಿನ ಮೇಲೆ ಪೈಲಟಮ್ಮನ ಪಕ್ಕ ಕುಳಿತಳು.

"ನಾಳೆ ಆಫೀಸರ್ ಸಾರ್ ಕೇಳ್ದಾಗ ನನ್ನೂ ಕರೀರಿ," ಎಂದಳು. "ನಾನೇ ರೋಡಲ್ಲಿದ್ದೆ."