ರಬ್ಬರ್ ಹಾಳೆಯ ಕೆಳಗಿನ ಸ್ಕ್ರೂ

ಸೋಮವಾರ ಬೆಳಿಗ್ಗೆ ಹಿರಿಯೂರಿನ ಠಾಣೆಗೆ ಬಂದ ಖಾತುನ್ ಬೀ ಕುರ್ಚಿ ತೋರಿಸಿದರೂ ಕೂರಲಿಲ್ಲ. ಬುರ್ಖಾದೊಳಗಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಪಿಎಸ್‌ಐ ಕಾವ್ಯಶ್ರೀಯ ಮೇಜಿನ ಮೇಲಿಟ್ಟು, ಹಾವನ್ನು ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಒಳಗಿದ್ದುದು ಕರೆಂಟಿನ ಒಂದು ವಯರು. ಅದರ ಪ್ಲಗ್ಗಿಗೆ ಇರಬೇಕಾದ ಮೂರು ಪಿನ್ನುಗಳಲ್ಲಿ ಅರ್ಥಿಂಗಿನ ದಪ್ಪ ಪಿನ್ನನ್ನು ಯಾರೋ ಬುಡಕ್ಕೆ ಕತ್ತರಿಸಿ ಹಾಕಿದ್ದರು.

"ನನ್ ಮಗನ್ನ ಕೊಲ್ಲಾಕೆ ನೋಡವ್ರೆ ಮೇಡಂ. ಒಬ್ಬನ್ನ ಹೋದ ವರ್ಷ ಮಣ್ಣು ಮಾಡೀನಿ. ಇವನೊಬ್ಬನ್ನ ಉಳಿಸ್ಕೊಡ್ರಿ."

ಮಗನ ಹೆಸರು ಅರ್ಬಾಜ್, ಊರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನು. ಭಾನುವಾರ ಮಾರಿಕಣಿವೆಯ ಮದುವೆ ಮನೆಯೊಂದರಲ್ಲಿ ಕಾರ್ಯಕ್ರಮಕ್ಕೆ ಮುನ್ನ ಸೌಂಡ್ ನೋಡುತ್ತಿದ್ದ. ಎಡಗೈಯಲ್ಲಿ ತಂತಿ ಒತ್ತಿ ಹಿಡಿದು ಬಲಗೈಯಿಂದ ಮೈಕು ಮುಟ್ಟಿದ್ದೇ ತಡ, ನಿಂತ ನಿಲುವಿನಲ್ಲೇ ಬಿದ್ದ. ಎದೆ ಒತ್ತಿ ಒತ್ತಿ ಉಸಿರು ಬರಿಸಿ ಚಿತ್ರದುರ್ಗದ ಆಸ್ಪತ್ರೆಗೆ ಸಾಗಿಸಿದ್ದರು. ಇನ್ನೂ ಪ್ರಜ್ಞೆ ಬಂದಿರಲಿಲ್ಲ, ಏನೂ ಹೇಳಲಾಗದು ಎಂದು ವೈದ್ಯರು ಕೈಚೆಲ್ಲಿದ್ದರು. ಪಿನ್ನು ಕತ್ತರಿಸಿದ ಕೈ ಯಾವುದೋ ಗೊತ್ತಿಲ್ಲ, ಅದೇ ಕೈ ಆಸ್ಪತ್ರೆಯಲ್ಲಿ ಮಗನ ಉಸಿರಿನ ನಳಿಗೆಗೂ ಬಂದರೆ ಏನು ಗತಿ ಎಂಬುದು ತಾಯಿಯ ಭಯ. ಆ ಭಯ ಕಾವ್ಯಶ್ರೀಗೂ ತಗುಲಿತು.

ಹತ್ತು ಗಂಟೆಯೊಳಗೆ ಬಿಎನ್‌ಎಸ್ ಕಲಂ 109ರಡಿ, ಕೊಲೆಯತ್ನವೆಂದು, ಎಫ್‌ಐಆರ್ ದಾಖಲಾಯಿತು. ಮಹಿಳಾ ಕಾನ್ಸ್‌ಟೇಬಲ್ ಪಾಲಮ್ಮನನ್ನು ಐಸಿಯು ಬಾಗಿಲಿಗೆ ಕಾವಲು ಹಾಕಿ, ಹೆತ್ತವರನ್ನು ಬಿಟ್ಟು ಒಂದು ನರಪಿಳ್ಳೆಯನ್ನೂ ಒಳಗೆ ಬಿಡಕೂಡದೆಂದು ಕಾವ್ಯಶ್ರೀ ಕಟ್ಟಪ್ಪಣೆ ಮಾಡಿದಳು.

ಖಾತುನ್ ಬೀ ಕಿತ್ತು ತಂದಿದ್ದ ವಯರೊಂದನ್ನು ಬಿಟ್ಟರೆ ಮಾರಿಕಣಿವೆಯ ವೇದಿಕೆಯಲ್ಲಿ ಎಲ್ಲ ಬಿದ್ದಲ್ಲೇ ಬಿದ್ದಿತ್ತು. ಅರ್ಬಾಜ್ ಹೊಸದಾಗಿ ತಂದಿದ್ದ ಪ್ರೊಸೆಸರ್, ಅಂದರೆ ಗಿಟಾರಿನ ದನಿಯನ್ನು ಕಾಲಿನಿಂದ ಒತ್ತಿ ಬದಲಿಸುವ ಕಬ್ಬಿಣದ ಡಬ್ಬ, ಒಂದು ಪ್ಲೈವುಡ್ ಹಲಗೆಯ ಮೇಲೆ ಕೂತಿತ್ತು. ಬಲು ಅಚ್ಚುಕಟ್ಟಿನ ಕೆಲಸ. ಅದುರದಂತೆ ಡಬ್ಬದಡಿ ಫೋಮು, ನಾಲ್ಕು ಮೂಲೆಗೆ ತಗಡಿನ ಪಟ್ಟಿ, ಪಟ್ಟಿಗೊಂದು ಸ್ಕ್ರೂ, ಕಾಲು ತಾಗಿ ವಯರು ಕೀಳದಂತೆ ಮುಂದೊಂದು ಅಡ್ಡಕಂಬಿ, ವೇದಿಕೆಯ ಮೇಲೆ ಜಾರದಂತೆ ಹಲಗೆಯ ತಳಕ್ಕೆ ಅಂಟಿಸಿದ ರಬ್ಬರ್ ಹಾಳೆ. ಸ್ಕ್ರೂಗಳ ತಲೆಗೆಲ್ಲ ಹಸಿರು ಬಣ್ಣದ ಬೊಟ್ಟು.

ಹೆಡ್ ಕಾನ್ಸ್‌ಟೇಬಲ್ ಚಿತ್ತಯ್ಯ ಬೊಟ್ಟು ಕಂಡವನೇ ಇದು ಫಜಲುಲ್ಲಾ ಸಾಬರ ಕೈಕೆಲಸ ಎಂದ. ಅರ್ಬಾಜನ ತಂದೆ ಫಜಲುಲ್ಲಾ ಹಿರಿಯೂರಿನಲ್ಲಿ ಟ್ರಂಕು ಮಾಡುವವರು. ತುಕ್ಕು ಹಿಡಿಯದಿರಲೆಂದು ಸ್ಕ್ರೂವಿನ ತಲೆಗೆ ಹಸಿರು ಬಣ್ಣ ಇಡುವುದು ಅವರ ಅಜ್ಜನ ಕಾಲದ ರೂಢಿ. ಚಿತ್ತಯ್ಯನ ಹೆಂಡತಿ ತವರಿನಿಂದ ತಂದ ಟ್ರಂಕಿನಲ್ಲೂ ಇತ್ತಂತೆ. ಇಷ್ಟು ಹೇಳಿದವನು ಡಬ್ಬ ಎತ್ತು ಎಂದರೆ ಮಾತ್ರ ಎತ್ತಲೊಲ್ಲ. ವಯರಿಲ್ಲದ ಡಬ್ಬದಲ್ಲಿ ಕರೆಂಟು ಎಲ್ಲಿಂದ ಬರಬೇಕು ಎಂದು ಕಾವ್ಯಶ್ರೀ ಗದರಿದ ಮೇಲೆ ರಬ್ಬರ್ ಚಪ್ಪಲಿ ಸಾಲ ಪಡೆದು ಮೆಟ್ಟಿಕೊಂಡು ಎತ್ತಿದ. ಪಂಚನಾಮೆ ಮುಗಿದು ಡಬ್ಬ ಠಾಣೆಯ ಕೊಠಡಿ ಸೇರಿದ ಮೇಲೆ ಆ ಕಡೆ ನೀರು ಕುಡಿಯಲು ಹೋಗುವವರೂ ಸುತ್ತು ಹಾಕಿಕೊಂಡು ಹೋದರು.

ಪಿನ್ನು ಕತ್ತರಿಸಿದವನು ಮಧ್ಯಾಹ್ನಕ್ಕೇ ಸಿಕ್ಕ. ಆರ್ಕೆಸ್ಟ್ರಾದ ಸೌಂಡಿನವ ಹನುಮೇಶ್.

"ಯಾಕೆ ಕತ್ತರಿಸಿದೆ?"

"ಅರ್ಥಿಂಗ್ ಕೊಟ್ರೆ ಸ್ಪೀಕರ್ ಗುಂಯ್ ಅಂತೈತೆ ಮೇಡಂ. ನಾವೆಲ್ಲ ಹಿಂಗೇ ಕಟ್ ಮಾಡೋದು."

"ಅರ್ಬಾಜ್ ಮೇಲೆ ಸಿಟ್ಟಿತ್ತಾ?"

"ಅವನ ಎದೆ ಒತ್ತಿದ್ದೇ ನಾನು."

ವಿಚಾರಿಸಿದಾಗ ಅದು ನಿಜವೇ ಆಗಿತ್ತು. ಮರುದಿನ ಬೆಳಿಗ್ಗೆ ಬಂದ ವಿದ್ಯುತ್ ಪರೀಕ್ಷಕಿ ಯಶೋದಾ ಪ್ರಕರಣಕ್ಕೆ ಬೇರೆ ದಾರಿ ತೋರಿಸಿದರು. ಪಿನ್ನು ಇಲ್ಲದಿದ್ದರೆ ಸೋರಿದ ಕರೆಂಟು ಭೂಮಿಗೆ ಇಳಿಯುವುದಿಲ್ಲ, ಅಷ್ಟೇ. ಆದರೆ ಡಬ್ಬದ ಕವಚಕ್ಕೂ ಅದರ ಮೂಲಕ ಗಿಟಾರಿನ ತಂತಿಗೂ ಕರೆಂಟು ಹತ್ತಿಸಿದ್ದು ಏನು? ಪಂಚರ ಮುಂದೆ ಡಬ್ಬ ಕಳಚಿದರು. ಕೆಳಗಿನಿಂದ ಒಂದು ಉದ್ದನೆಯ ಸ್ಕ್ರೂ ಹಲಗೆ ತೂರಿ, ಫೋಮು ತೂರಿ, ಡಬ್ಬದ ತಳದ ತಗಡು ತೂರಿ, ಕರೆಂಟು ಬಂದಿಳಿಯುವ ಜಾಗಕ್ಕೇ ನಾಟಿತ್ತು.

ಹಲಗೆ ಮಗುಚಿದರು. ತಳದ ರಬ್ಬರ್ ಹಾಳೆ ಎಲ್ಲೂ ಬಿಟ್ಟಿರಲಿಲ್ಲ, ಅಂಟು ಅಂಚಿನವರೆಗೂ ಗಟ್ಟಿಯಾಗಿತ್ತು. ಸ್ಕ್ರೂ ಹಾಕಿದ ಮೇಲೆಯೇ ಹಾಳೆ ಅಂಟಿಸಿದ್ದರೆಂದು ಇದರರ್ಥ. ಶನಿವಾರ ಅಂಗಡಿಯಲ್ಲಿ ತಂದೆಯೇ ಅಂಟಿಸಿದ್ದು, ಭಾನುವಾರ ಮಗ ಅದನ್ನು ಅಲ್ಲಿಂದ ನೇರ ವೇದಿಕೆಗೆ ಒಯ್ದದ್ದು ಖಾತುನ್ ಬೀಯ ಹೇಳಿಕೆಯಲ್ಲೇ ಇತ್ತು. ಚಿತ್ತಯ್ಯ ಹಾಳೆಯನ್ನು ಮೆಲ್ಲಗೆ ಸುಲಿದ. ಯಾರ ಕಣ್ಣಿಗೂ ಬೀಳಬಾರದೆಂದು ಮುಚ್ಚಿಟ್ಟ ಆ ಸ್ಕ್ರೂವಿನ ತಲೆಗೂ ಹಸಿರು ಬೊಟ್ಟು ಇಟ್ಟಿತ್ತು. ರೂಢಿಬಿದ್ದ ಕೈ ಅದನ್ನೂ ಬಿಟ್ಟಿರಲಿಲ್ಲ.

ಕಾವ್ಯಶ್ರೀ ಥಟ್ಟನೆ ಎದ್ದಳು. ಒಳಗೆ ಬಿಡಬಹುದೆಂದು ಅವಳೇ ಹೇಳಿದ್ದ ಇಬ್ಬರಲ್ಲಿ ಫಜಲುಲ್ಲಾ ಒಬ್ಬರು. ಪಾಲಮ್ಮನಿಗೆ ಫೋನು ಹಚ್ಚಿದಳು, ರಿಂಗಾಗಿ ರಿಂಗಾಗಿ ನಿಂತಿತು. ಆಸ್ಪತ್ರೆಯ ನಂಬರಿಗೂ ಉತ್ತರವಿಲ್ಲ. ಜೀಪು ಹೆದ್ದಾರಿಗೆ ಬಿತ್ತು. ಹೆತ್ತ ತಂದೆ ಹೀಗೆ ಮಾಡಿಯಾನೇ ಎಂದು ಒಂದು ಮನಸ್ಸು, ಆಗಲೇ ಮಾಡಿದ್ದಾನಲ್ಲ ಎಂದು ಇನ್ನೊಂದು. ದುರ್ಗ ಮುಟ್ಟಿದ್ದೇ ಅವಳು ಐಸಿಯು ಕಡೆ ಓಡಿದಳು.

ಪಾಲಮ್ಮ ಬಾಗಿಲಲ್ಲೇ ಇದ್ದಳು. ಫೋನನ್ನು ದಾದಿಯರು ಹೊರಗಿಡಿಸಿದ್ದರಂತೆ. ಒಳಗೆ ಯಾರಿದ್ದಾರೆಂದರೆ ಅಪ್ಪ ಒಬ್ಬರೇ, ಬೆಳಿಗ್ಗೆಯಿಂದ ಎದ್ದಿಲ್ಲ ಎಂದಳು. ಗಾಜಿನಾಚೆ ಫಜಲುಲ್ಲಾ ಮಗನ ಮೇಲೆ ಬಗ್ಗಿದ್ದರು. ಬಲಗೈ ಅವನ ಮೂಗಿನ ನಳಿಗೆಯ ಹತ್ತಿರವೇ ಇತ್ತು.

ಕಾವ್ಯಶ್ರೀ ನುಗ್ಗಿ ಹೋಗಿ ಮಣಿಕಟ್ಟು ಹಿಡಿದಳು. ಮುದುಕರು ಬಿಡಿಸಿಕೊಳ್ಳಲಿಲ್ಲ.

"ಉಸಿರು ಬರ್ತೈತಾ ಅಂತ ನೋಡ್ತಿದ್ದೆ ಅಮ್ಮ" ಎಂದರು.

ಹಾಸಿಗೆಯಲ್ಲಿ ಅರ್ಬಾಜನ ಎದೆ ಏರಿಳಿಯುತ್ತಿತ್ತು. ಕಾವ್ಯಶ್ರೀ ಫಜಲುಲ್ಲಾರನ್ನು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು.

"ರಬ್ಬರಿನ ಕೆಳಗಿನ ಸ್ಕ್ರೂ ಯಾರು ಹಾಕಿದ್ದು?"

"ನಾನೇ."

"ಯಾಕೆ?"

"ಡಬ್ಬ ಕೆಡ್ಲಿ ಅಂತ. ಡಬ್ಬ ಕೆಟ್ರೆ ಹುಡುಗ ಮನೇಲಿ ಉಳೀತಾನೆ ಅಂತ."

"ಒಳಗೆ ಕರೆಂಟ್ ಇರ್ತೈತೆ ಅಂತ ಗೊತ್ತಿರ್ಲಿಲ್ವಾ?"

"ಅವನ ಹಳೇ ಡಬ್ಬ ಮೊಬೈಲ್ ಚಾರ್ಜರ್ ತರದ್ರಲ್ಲೇ ನಡೀತಿತ್ತು. ಮುಟ್ಟಿದ್ರೂ ಏನೂ ಆಗ್ತಿರ್ಲಿಲ್ಲ. ಇದೂ ಹಂಗೇ ಅಂದ್ಕಂಡೆ."

ಹಿರಿಯ ಮಗ ಮುಝಫರ್ ಅದೇ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ಹೋದ ವರ್ಷ ಕಾರ್ಯಕ್ರಮ ಮುಗಿಸಿ ಬೈಕಿನಲ್ಲಿ ಬರುವಾಗ ಭರಮಸಾಗರದ ಹತ್ತಿರ ಲಾರಿ ಬಡಿದು ಸತ್ತ. ಅಲ್ಲಿಂದೀಚೆಗೆ ಅರ್ಬಾಜ್ ಬೈಕು ಹತ್ತಿದಾಗಲೆಲ್ಲ, ಅವನು ಮರಳಿ ಬಾಗಿಲು ತಟ್ಟುವವರೆಗೆ ಫಜಲುಲ್ಲಾಗೆ ಅನ್ನ ಇಳಿಯುತ್ತಿರಲಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ. ಗಿಟಾರ್ ಬಿಟ್ಟರೆ ಆ ಹುಡುಗನಿಗೆ ಬೇರೆ ಸುಖವಿರಲಿಲ್ಲ. ಆಗಲೇ ಅವನು ಹೊಸ ಡಬ್ಬ ತಂದು ತಂದೆಯ ಮುಂದಿಟ್ಟು, ಅಬ್ಬಾ, ಇದನ್ನ ಭದ್ರ ಮಾಡಿಕೊಡು ಎಂದ. ಕೊಲ್ಲುವ ಉದ್ದೇಶ ಕಾಣದ್ದರಿಂದ ಕಲಂ ಬದಲಾಯಿಸಿ, ಹನುಮೇಶನ ನಿರ್ಲಕ್ಷ್ಯವನ್ನೂ ಸೇರಿಸಿ ಕಾವ್ಯಶ್ರೀ ನ್ಯಾಯಾಲಯಕ್ಕೆ ವರದಿ ಬರೆದಳು. ಫಜಲುಲ್ಲಾರ ದಸ್ತಗಿರಿಯನ್ನು ಮಾತ್ರ ತಪ್ಪಿಸಲಾಗಲಿಲ್ಲ. ನಾನು ಕೊಟ್ಟ ಕಂಪ್ಲೇಂಟು ಹರಿದು ಹಾಕ್ರಿ ಎಂದು ಖಾತುನ್ ಬೀ ಅವಳ ಕೈ ಹಿಡಿದುಕೊಂಡು ಅತ್ತರು. ಅದು ಅವಳ ಕೈಯಲ್ಲಿರಲಿಲ್ಲ.

ಗುರುವಾರ ಅರ್ಬಾಜನಿಗೆ ಮಾತು ಬಂತು. ಜೀವಕ್ಕೆ ಭಯವಿಲ್ಲ, ಎಡಗೈಯ ಸುಟ್ಟ ಎರಡು ಬೆರಳು ಮಾತ್ರ ಮತ್ತೆ ತಂತಿ ಒತ್ತಲಾರವು ಎಂದರು ವೈದ್ಯರು. ಹೇಳಿಕೆ ಪಡೆಯಲು ಕಾವ್ಯಶ್ರೀ ಹಾಸಿಗೆಯ ಪಕ್ಕ ನಿಂತಳು. ಆಚೆ ಬದಿಯಲ್ಲಿ ಖಾತುನ್ ಬೀ ಮಂಚದ ಸರಳು ಹಿಡಿದು, ಮಗನಿಗೆ ಏನೂ ಹೇಳಬೇಡಿ ಎಂಬಂತೆ ಅವಳತ್ತ ತಲೆಯಾಡಿಸುತ್ತಿದ್ದರು.

"ಯಾರ ಮೇಲಾದ್ರೂ ಅನುಮಾನ ಐತೇನಪ್ಪ?"

ಹುಡುಗ ದಿಂಬಿನಿಂದ ತಲೆ ಸ್ವಲ್ಪ ಎತ್ತಿದ.

"ಸ್ಟೇಜಿನ ಕರೆಂಟೇ ಸರಿ ಇರ್ಲಿಲ್ಲ ಅನ್ಸುತ್ತೆ ಮೇಡಂ. ಡಬ್ಬದಲ್ಲಂತೂ ತಪ್ಪಿರಲ್ಲ. ಅದನ್ನ ಬೇರೆ ಯಾರ ಕೈಗೂ ಕೊಟ್ಟಿಲ್ಲ. ನಮ್ ಅಬ್ಬಾನೇ ಕೂರ್ಸಿದ್ದು."

ಅವಳು ಅದನ್ನು ಹೇಳಿದಂತೆಯೇ ಬರೆದು ಓದಿ ಹೇಳಿದಳು. ಸರಿ ಎಂದು ಕಣ್ಣಲ್ಲೇ ಒಪ್ಪಿದ ಅರ್ಬಾಜ್, ಬಾಗಿಲ ಕಡೆ ನೋಡಿ ಅಬ್ಬಾ ಎಲ್ಲಿ ಎಂದು ಕೇಳಿದ. ಕಾವ್ಯಶ್ರೀ ಪೆನ್ನು ಮುಚ್ಚಿ, ಸ್ಟೂಲು ಎಳೆದುಕೊಂಡು ಅವನ ಹತ್ತಿರ ಕುಳಿತಳು.