ಶುಕ್ರವಾರದ ಸೈಕಲ್ ದಾರಿಗಳು

ಒಮಾನ್‌ನ ಸುವೈಕ್ ಊರಿನ ಹಲ್ಲಿನ ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಬಂದವನ ಮೊಣಕೈ ತರಚಿತ್ತು. ಅಂಗಿಯ ತುಂಬ ಧೂಳು, ಬಾಯಿಗೆ ಒತ್ತಿ ಹಿಡಿದ ಕರವಸ್ತ್ರ. ರಿಸೆಪ್ಷನ್‌ನಲ್ಲಿದ್ದ ಲೋಲಾಕ್ಷಿ ಹಿಂದಿಯಲ್ಲಿ ಏನಾಯಿತೆಂದು ಕೇಳಿದಳು.

"ಸೈಕಲ್‌ನಿಂದ ಬಿದ್ದೆ," ಎಂದ ಅವನೂ ಹಿಂದಿಯಲ್ಲಿ. "ಆಡು ಅಡ್ಡ ಬಂತು."

"ಯಾವ ಅಂಗಡಿಯ ಡೆಲಿವರಿ?"

"ಡೆಲಿವರಿ ಅಲ್ಲ. ಸುಮ್ಮನೆ ಹೋಗಿದ್ದೆ, ರುಸ್ತಾಕ್ ಕಡೆಗೆ."

ಕಾರಿನಲ್ಲಿ ಹೋದವರೂ ದೂರವಾಯಿತೆಂದು ಗೊಣಗುವ ಊರು ಅದು. ಲೋಲಾಕ್ಷಿ ಪಕ್ಕದಲ್ಲಿದ್ದ ನರ್ಸ್ ಕುಸುಮಳತ್ತ ವಾಲಿ, ತುಳುವಿನಲ್ಲಿ, "ಪಾಪ, ಮಂಡೆ ಸರಿ ಇಲ್ಲ" ಎಂದಳು.

"ಮಂಡೆ ಸರಿ ಉಂಟು," ಕರವಸ್ತ್ರದ ಹಿಂದಿನಿಂದ ತುಳುವಿನಲ್ಲೇ ಉತ್ತರ ಬಂತು. "ಹಲ್ಲು ಮಾತ್ರ ಹೋದದ್ದು."

ಕುಸುಮ ನಗು ತಡೆಯಲಾರದೆ ಒಳಗೋಡಿದಳು. ಲೋಲಾಕ್ಷಿಗೆ ಓಡಲು ಎಡೆಯಿರಲಿಲ್ಲ. ಅವಳ ಕಿವಿ ಬಿಸಿಯಾಯಿತು. ಅವನು ಕರವಸ್ತ್ರ ತೆಗೆದು ನಕ್ಕ. ಮುಂದಿನ ಹಲ್ಲಿನ ಒಂದು ಮೂಲೆ ಮುರಿದು, ಆ ನಗುವಿಗೆ ಶಾಲೆಗೆ ಹೋಗುವ ಹುಡುಗನ ತುಂಟತನ ಬಂದಿತ್ತು. ಕೂದಲಲ್ಲಿ ಮಾತ್ರ ಅಲ್ಲಲ್ಲಿ ಬೆಳ್ಳಿ.

ಅದು ತೊಂಬತ್ತನೇ ಇಸವಿಯ ಚಳಿಗಾಲ. ಅವನ ಹೆಸರು ಭೋಜರಾಜ. ತೋಟಗಳಿಗೆ ನೀರಿನ ಪಂಪು ಮಾರುವ ಕಂಪನಿಯವನು. ರಾಜಧಾನಿಯ ಬಳಿಯ ವಾದಿ ಅದಾಯ್‌ನ ಶೋರೂಮಿನಿಂದ ಸುವೈಕ್‌ಗೆ ವರ್ಗವಾಗಿ ಬಂದು ಸ್ವಲ್ಪವೇ ಸಮಯವಾಗಿತ್ತು. ಕಂಪನಿ ಕೊಟ್ಟ ಕಾರಿತ್ತು. ಆದರೂ ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ, ಊರಿಗೆ ಮರಳಿದ ಇಂಗ್ಲಿಷ್ ಎಂಜಿನಿಯರ್ ಒಬ್ಬ ಬಿಟ್ಟುಹೋದ ರೇಸಿಂಗ್ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದ.

ಹಲ್ಲು ಸರಿಪಡಿಸಲು ಅವನು ಹಲವು ಸಲ ಬರಬೇಕಾಯಿತು. ಡಾಕ್ಟರ್ ಕರೆಯುವವರೆಗೆ ಮಾತು.

"ಆ ಎಂಜಿನಿಯರನ ಹಳ್ಳಿಯಲ್ಲಿ ಸೈಕಲ್‌ಗೆಂದೇ ದಾರಿಗಳಂತೆ. ಎರಡೂ ಬದಿಗೆ ಬೇಲಿ, ಬೇಲಿಯಲ್ಲಿ ಹೂ. ಒಂದು ದಾರಿ ಚರ್ಚಿನ ಹಿಂದೆ ಹೋಗಿ ಹೊಳೆ ದಾಟುತ್ತದಂತೆ."

"ನೀವು ನೋಡಿದ್ದೀರಾ?"

"ಇಲ್ಲ."

"ನೋಡಿದವರ ಹಾಗೆ ಹೇಳ್ತೀರಲ್ಲ!"

"ಇಲ್ಲಿಯದ್ದು ನೋಡಿದ್ದೇನೆ. ಅದನ್ನು ಹೇಳಲಾ?" ಎಂದು ಅವನು ಬೆರಳಿನಿಂದ ಅವಳ ಮೇಜಿನ ಮೇಲೆ ಗೀಟು ಎಳೆದ. ಮೀನುಗಾರರ ದೋಣಿಗಳ ಪಕ್ಕದ ಮರಳುದಾರಿ, ಖರ್ಜೂರ ಮತ್ತು ಲಿಂಬೆ ತೋಟಗಳ ನಡುವಿನ ತಣ್ಣನೆಯ ದಾರಿ, ಬೆಟ್ಟಗಳು ಒಂದೊಂದಾಗಿ ಎದುರು ಬಂದು ನಿಲ್ಲುವ ರುಸ್ತಾಕ್ ರಸ್ತೆ. ಲೋಲಾಕ್ಷಿ ಗೀಟು ನೋಡಲಿಲ್ಲ. ಬೆರಳನ್ನು ನೋಡುತ್ತಿದ್ದಳು. ಅದು ಅವನಿಗೆ ಗೊತ್ತಾಗಿ ಬೆರಳು ನಿಂತಿತು.

"ನನಗೂ ಸೈಕಲ್ ಬರುತ್ತಿತ್ತು," ಎಂದಳು ಅವಳು ಅವಸರದಲ್ಲಿ. "ಸಣ್ಣವಳಿದ್ದಾಗ. ದೊಡ್ಡವಳಾದ ಮೇಲೆ ಅಪ್ಪ ಬಿಡಲಿಲ್ಲ."

"ಇಲ್ಲಿ ಅಪ್ಪ ಇಲ್ಲವಲ್ಲ."

"ಅಣ್ಣ ಇದ್ದಾರೆ."

ಅಣ್ಣ ಕೊಗ್ಗ ಕಟ್ಟಡ ಸಾಮಾನಿನ ಅಂಗಡಿಯ ಮ್ಯಾನೇಜರ್. ಮಾತು ಕಡಿಮೆ, ಪ್ರೀತಿ ಹೆಚ್ಚು, ಹೆದರಿಕೆ ಅದಕ್ಕಿಂತಲೂ ಹೆಚ್ಚು. ಶುಕ್ರವಾರ ಬಿಸಿಲೇರುವ ತನಕ ಮಲಗುವುದೊಂದೇ ಅವರ ಐಷಾರಾಮ. ಆ ನಿದ್ದೆಯ ಲಾಭ ಪಡೆದವರು ಅತ್ತಿಗೆ ಉಮಾವತಿ. "ನಾವು ವಾಕಿಂಗ್ ಹೋಗಿ ಬರ್ತೇವೆ," ಎಂದು ಗೊರಕೆಗೆ ಹೇಳಿ, ಚಾದ ಫ್ಲಾಸ್ಕ್ ಹಿಡಿದು, ನಾದಿನಿಯೊಡನೆ ತೋಟದ ದಾರಿಗೆ ಬಂದರು. ಅಲ್ಲಿ ಭೋಜರಾಜ ಕಾಯುತ್ತಿದ್ದ. ಪಕ್ಕದಲ್ಲಿ ಬ್ಯಾರಿ ಮಮ್ಮದ್‌ನ ದಿನಸಿ ಅಂಗಡಿಯಿಂದ ಕೇಳಿ ತಂದ, ಹಿಂದೆ ದೊಡ್ಡ ಕ್ಯಾರಿಯರ್ ಇದ್ದ ಭಾರದ ಸೈಕಲ್.

"ಇದರಲ್ಲಾ? ಅಕ್ಕಿ ಮೂಟೆ ಹೊರುವುದಲ್ವಾ ಇದು!"

"ಅಕ್ಕಿ ಮೂಟೆ ಬೀಳುವುದಿಲ್ಲ. ನೀವೂ ಬೀಳುವುದಿಲ್ಲ."

ಬಿದ್ದಳು. ಎರಡು ಸಲ. ಮೂರನೆಯ ಸಲ ಅವನು ಕ್ಯಾರಿಯರ್ ಹಿಡಿದು ಹಿಂದೆ ಓಡಿದ. ಅವಳ ಶಾಲು ಹಾರಿ ಅವನ ಮುಖ ಮುಚ್ಚಿತು. ಕಣ್ಣು ಕಾಣದೆ ಓಡುತ್ತಿದ್ದವನನ್ನು ನೋಡಿ ಹುಲ್ಲು ಕೊಯ್ಯುತ್ತಿದ್ದ ಮುದುಕ ಒಮಾನಿ ಕುಡುಗೋಲು ಎತ್ತಿ, "ಯಲ್ಲಾ! ಯಲ್ಲಾ!" ಎಂದು ಕೂಗಿದ. ಆ ಹುರುಪಿಗೆ ಸೈಕಲ್ ಓಲಾಡುವುದು ಬಿಟ್ಟು ನೆಟ್ಟಗಾಯಿತು. ಭೋಜರಾಜನ ಕೈ ಯಾವಾಗ ಬಿಟ್ಟಿತೋ, ಅವಳಿಗೆ ತಿಳಿಯಲಿಲ್ಲ. ತಿರುಗಿ ನೋಡಿದರೆ ಅವನು ಬಹಳ ದೂರದಲ್ಲಿ, ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತ, ಅವಳನ್ನೇ ನೋಡುತ್ತಿದ್ದ.

ಹೀಗೆ ವಸಂತ ಕಳೆಯಿತು. ಅತ್ತಿಗೆ ಖರ್ಜೂರದ ನೆರಳಲ್ಲಿ ಚಾ ಕುಡಿಯುತ್ತ, ನೋಡಬೇಕಾದ್ದನ್ನು ನೋಡದ ಹಾಗೆ ನೋಡುತ್ತಿದ್ದರು. ಅವನು ಮುಂದೆ, ಅವಳು ಹಿಂದೆ. ತಿರುವಿನಲ್ಲಿ ಅವನು ನಿಧಾನಿಸುವುದು, ಅವಳು ಬೇಕೆಂದೇ ದಾಟಿ ಹೋಗುವುದು. ಆದರೆ ಹೇಳಬೇಕಾದ ಮಾತನ್ನು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಆಗಸ್ಟ್‌ನಲ್ಲಿ ಕುವೈತ್ ಮೇಲೆ ದಾಳಿಯಾದ ಸುದ್ದಿ ಬಂತು. ಅಂಗಡಿ ಅಂಗಡಿಯಲ್ಲಿ ರೇಡಿಯೋ, ಮನೆ ಮನೆಯಲ್ಲಿ ಹೆದರಿಕೆ. ಕೊಗ್ಗ ಎರಡು ಟಿಕೆಟ್ ತಂದು ಊಟದ ಮೇಜಿನ ಮೇಲಿಟ್ಟರು.

"ನೀವಿಬ್ಬರೂ ಊರಿಗೆ ಹೋಗಿ. ಲೋಲಾ, ಸುರತ್ಕಲ್‌ನ ಸಂಬಂಧ ಒಂದುಂಟು. ಹುಡುಗ ಬ್ಯಾಂಕಿನಲ್ಲಿ. ಹೋದ ಹಾಗೆ ಅದೂ ಆಗಲಿ. ಖಲಾಸ್."

ಮರುದಿನ ಭೋಜರಾಜ ಕ್ಲಿನಿಕ್ಕಿಗೆ ಬಂದ. ಎಲ್ಲ ಕೇಳಿ, "ಹೋಗುವುದೇ ಒಳ್ಳೆಯದು" ಎಂದ. ಅಷ್ಟೆ. ಮನೆಗೆ ಬಂದ ಲೋಲಾಕ್ಷಿ ಬಟ್ಟೆ ತುಂಬಲೆಂದು ಸೂಟ್‌ಕೇಸ್ ತೆರೆದು, ಖಾಲಿಯಾಗಿಯೇ ಮುಚ್ಚಿದಳು.

ಶುಕ್ರವಾರ ಅವಳು ಅತ್ತಿಗೆಯನ್ನು ಎಬ್ಬಿಸಲಿಲ್ಲ. ಮಮ್ಮದ್ ಅಂಗಡಿ ತೆರೆಯುತ್ತಿದ್ದ. ಸೈಕಲ್ ಕೇಳಿದಳು. ತೋಟದ ದಾರಿ ಮುಗಿದಲ್ಲಿಂದ ಅವಳು ಎಂದೂ ಮುಂದೆ ಹೋದವಳಲ್ಲ. ಅಂದು ನಿಲ್ಲದೆ ರುಸ್ತಾಕ್ ರಸ್ತೆಗೆ ತಿರುಗಿದಳು. ಲಾರಿಗಳು ಬಿಸಿಗಾಳಿ ಎರಚಿ ಹೋದವು. ಏರು ಶುರುವಾಯಿತು. ಗಂಟಲು ಒಣಗಿ, ಕಾಲು ನಡುಗಿ, ಇನ್ನು ಇಳಿದುಬಿಡಲೇ ಎನ್ನುವಾಗ ಎದುರಿನ ಇಳಿಜಾರಿನಲ್ಲಿ ಬಾಗಿ ಕೂತ ಸವಾರನೊಬ್ಬ ಕಾಣಿಸಿದ. ಅವನು ಬ್ರೇಕ್ ಹಿಡಿದದ್ದಕ್ಕೆ ಚಕ್ರ ಕಿರುಚಿತು.

"ಒಬ್ಬರೇ! ಇಷ್ಟು ದೂರ! ಈ ಸೆಕೆಯಲ್ಲಿ!"

"ನೀರು ಕೊಡಿ, ಆಮೇಲೆ ಬೈಯಿರಿ."

ಅವಳು ಕುಡಿದಳು. ಅವನು ಬೈಯಲಿಲ್ಲ.

"ಹೋಗಬೇಡಿ ಅಂತ ಒಂದು ಮಾತು ಹೇಳಲಿಲ್ಲ ನೀವು," ಎಂದಳು.

"ಹೇಗೆ ಹೇಳುವುದು? ನಾಳೆ ಇಲ್ಲಿಗೂ ಯುದ್ಧ ಬಂದರೆ? ನನ್ನ ಆಸೆಗೆ ನಿಮ್ಮನ್ನು ಇಲ್ಲಿ ನಿಲ್ಲಿಸಿಕೊಳ್ಳುವುದಾ?"

"ಯುದ್ಧದ್ದು ಬಿಡಿ. ಏನು ಆಸೆ? ಅದನ್ನು ಹೇಳಿ."

ಅವನು ಹ್ಯಾಂಡಲ್ ನೋಡಿದ, ಬೆಟ್ಟ ನೋಡಿದ. ಕೊನೆಗೆ ಬೇರೆ ಎಲ್ಲಿಯೂ ನೋಡಲು ಉಳಿಯದೆ ಅವಳ ಮುಖ ನೋಡಿದ. "ಶುಕ್ರವಾರ ಬಿಟ್ಟು ಉಳಿದ ದಿನಗಳೆಲ್ಲ ಯಾಕೆ ಉಂಟು ಅಂತ ಅನಿಸುತ್ತದೆ ನನಗೆ. ಈ ವರ್ಷದಿಂದ."

ಲೋಲಾಕ್ಷಿಗೆ ನಗುವೂ ಅಳುವೂ ಒಟ್ಟಿಗೆ ಬಂತು. "ಇಷ್ಟು ಹೇಳಲಿಕ್ಕೆ ನಾನು ಬೆಟ್ಟ ಹತ್ತಿ ಬರಬೇಕಾಯಿತು! ಊರಿಗೆ ನಾನು ಹೋಗ್ತೇನೆ. ಅಣ್ಣನಿಗೆ ಅಷ್ಟು ಹೆದರಿಕೆ ಉಂಟು. ಆದರೆ ಬ್ಯಾಂಕಿನವರ ಎದುರು ಚಾ ಹಿಡಿದು ನಿಲ್ಲುವುದಿಲ್ಲ. ಯಾಕೆ ಅಂತ ಕೇಳಿದರೆ ಹೇಳಲಿಕ್ಕೆ ಒಂದು ಕಾರಣ ಬೇಕು."

"ನಾನು ಸಾಕಾ?"

"ನೋಡುವಾ," ಎಂದಳು. ಆದರೆ ಅವಳ ಕೈ ಆಗಲೇ ಅವನ ಕೈಯ ಮೇಲಿತ್ತು.

ಹಾರನ್ ಕೇಳಿಸಿ ಅವರು ಬೆಚ್ಚಿ ನೋಡಿದರೆ ಕೊಗ್ಗನ ಪಿಕಪ್. ಲುಂಗಿಯಲ್ಲೇ ಹೊರಟುಬಂದಿದ್ದರು. ಪಕ್ಕದಲ್ಲಿ ಅತ್ತಿಗೆ, ಅತ್ತು ಕೆಂಪಾದ ಕಣ್ಣು; ನಾದಿನಿ ಕಾಣದೆ ಗಾಬರಿಯಾಗಿ ಶುಕ್ರವಾರಗಳ ಗುಟ್ಟನ್ನೆಲ್ಲ ಗಂಡನಿಗೆ ಹೇಳಿಬಿಟ್ಟಿದ್ದರು. ಕೊಗ್ಗ ತಂಗಿಯನ್ನು ನೋಡಿದರು, ಭೋಜರಾಜನನ್ನು ನೋಡಿದರು, ಅಕ್ಕಿ ಮೂಟೆಯ ಸೈಕಲ್ ನೋಡಿದರು.

"ಸೈಕಲ್ ಹಿಂದೆ ಹಾಕು. ಹತ್ತು," ಎಂದರು.

"ಇಲ್ಲ ಅಣ್ಣ. ಬಂದ ಹಾಗೆಯೇ ಹೋಗ್ತೇನೆ. ಅವರ ಜೊತೆ."

ಮೂವತ್ತು ತುಂಬಲಿದ್ದ ತಂಗಿ ಅಣ್ಣನಿಗೆ ಇಲ್ಲ ಎಂದದ್ದು ಅದೇ ಮೊದಲು. ಕೊಗ್ಗ ಬಾಯಿ ತೆರೆದರು, ಅತ್ತಿಗೆ ಅವರ ತೋಳು ಮುಟ್ಟಿದರು. ಅವರು ಪಿಕಪ್ ತಿರುಗಿಸಿ, ದಾರಿ ಬಿಟ್ಟು, ಕಾದರು.

ಸೈಕಲ್‌ಗಳು ಇಳಿಜಾರಿನಲ್ಲಿ ಜೊತೆಯಾಗಿ ಹೊರಟವು. ಹಿಂದಿನಿಂದ ಪಿಕಪ್, ಎರಡೂ ಬದಿಯ ದೀಪ ಮಿನುಗಿಸುತ್ತ, ಎತ್ತಿನಗಾಡಿಯಷ್ಟು ನಿಧಾನ. ಲಾರಿಗಳು ಹಾರನ್ ಹೊಡೆದರೂ ಕೊಗ್ಗ ರಸ್ತೆ ಬಿಡಲಿಲ್ಲ. ತಂಗಿಯ ಬೆನ್ನಿಗೆ ಗಾಳಿಯೂ ತಾಗದ ಹಾಗೆ ಉದ್ದಕ್ಕೂ ಕಾದುಕೊಂಡು ಬಂದರು.

ತೋಟಗಳ ನೆರಳು ಶುರುವಾದಲ್ಲಿ ಪಿಕಪ್ ಮೆಲ್ಲಗೆ ಪಕ್ಕಕ್ಕೆ ಬಂತು. ಕೊಗ್ಗ ಕಿಟಕಿಯಿಂದ ತಲೆ ಹೊರಹಾಕಿ, ರಸ್ತೆಯನ್ನೇ ನೋಡುತ್ತ, ಗಂಟಲು ಸರಿಮಾಡಿಕೊಂಡು ಕೇಳಿದರು:

"ಭೋಜರಾಜರೇ, ನಿಮ್ಮದು ಯಾವ ಬರಿ?"

ಲೋಲಾಕ್ಷಿಯ ಕಾಲು ಪೆಡಲಿನ ಮೇಲೆ ನಿಂತೇಬಿಟ್ಟಿತು. ತುಳುವರಲ್ಲಿ ಮದುವೆಯ ಮಾತಿಗೆ ಕೂರುವವರು ಮೊದಲು ಕೇಳುವುದೇ ಬರಿಯನ್ನು, ತಾಯಿಯ ಕಡೆಯಿಂದ ಬರುವ ಕುಲವನ್ನು. ಒಂದೇ ಬರಿಯವರು ಮದುವೆಯಾಗುವಂತಿಲ್ಲ.

"ಕರ್ಕೇರ," ಎಂದ ಭೋಜರಾಜ.

"ನಿಮ್ಮದು ಅಮೀನ್!" ಗಂಡನ ಕಿವಿಯ ಬಳಿಯೇ ಅತ್ತಿಗೆ ಕೂಗಿಬಿಟ್ಟರು. "ಬೇರೆ ಬೇರೆಯೇ!"

"ನನಗೆ ಗೊತ್ತುಂಟು ಮಾರಾಯ್ತಿ," ಎಂದು ಕೊಗ್ಗ ಗದರಿದರು. ಅವರ ಮುಖ ಆಗಲೇ ಸಡಿಲಾಗಿತ್ತು. "ಮನೆಗೆ ಬನ್ನಿ ಇಬ್ಬರೂ. ತಿಂಡಿ ತಿಂದು ಮಾತಾಡುವಾ."