ನೋಯದ ಹುಣ್ಣು

"ಕೈ ಒಳಗೆ ಹಾಕೋ!"

ಐಸ್ ಪುಡಿಮಾಡುವ ಮಷೀನು ಗರಗರ ಹಲ್ಲು ಕಡಿಯುತ್ತಿತ್ತು. ಹೊಸ ಡ್ರೈವರನ ಬಲಗೈ ಅದರ ಬಾಯಿಂದ ಒಂದೇ ಗೇಣು ದೂರ. ಹಿಂದಿನಿಂದ ಅವನ ಕುತ್ತಿಗೆಗೆ ಕಬ್ಬಿಣದ ಕೊಕ್ಕೆ ಒತ್ತಿ ಹಿಡಿದಿದ್ದವನು ಧಣಿ... ಆ ಐಸ್ ಫ್ಯಾಕ್ಟರಿಯ ಯಜಮಾನ.

ಕೇಳಿ, ಆ ಡ್ರೈವರನ್ನು ಅಲ್ಲಿಗೆ ಹಿಡಿದು ತಂದವನು ನಾನೇ!

ಅದು ನನ್ನ ಕಸುಬು. ಬೆಳಿಗ್ಗೆ ಧಣಿ ಫೋನ್ ಮಾಡಿ, "ನನ್ನ ಹೆಂಡ್ತಿಗೆ ರೋಗ ಅಂಟಿಸಿದವನನ್ನ ಹಿಡ್ಕೊಂಡು ಬಾ" ಎಂದಿದ್ದ. ಗುರುತು ಹೇಳಿದ. ಗಂಟೆಯೊಳಗೆ ನಾನು ಲಾರಿ ಸ್ಟ್ಯಾಂಡಿನಲ್ಲಿದ್ದೆ. ನನ್ನನ್ನು ಕಂಡದ್ದೇ ತಡ, ಅವನು ಕಾಲಿಗೆ ಬುದ್ಧಿ ಹೇಳಿದ. ಟಯರ್ ರಾಶಿ ಹಾರಿದ... ಗ್ಯಾರೇಜಿಗೆ ನುಗ್ಗಿದ... ಲಾರಿಯಡಿ ತೂರಿದ.

ಕಾಲು ಹಿಡಿದು ಎಳೆದೆ.

"ಅಣ್ಣಾ, ಸಾಯಿಸ್ತಾರೆ! ನಾನು ಕೆಲಸಕ್ಕೆ ಸೇರಿ ಎಂಟು ದಿನ. ಅಮ್ಮಾವ್ರನ್ನ ಅವರ ಅಕ್ಕನ ಮನೆಗೆ ಬಿಟ್ಟು ಬಂದೆ, ಅಷ್ಟೇ!"

"ಅದನ್ನ ಅವರಿಗೇ ಹೇಳು."

ಅವನ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ನನ್ನೊಳಗೆ ಏನಾದರೂ ಇಳಿದು ಎಂಟು ವರ್ಷವಾಗಿದೆ.

ಈಗ ಮಷೀನು ಗರಗುಟ್ಟುತ್ತಿತ್ತು.

"ಭಾನುವಾರ ಇವನ ಗಾಡಿ ಹತ್ತಿದಳು," ಧಣಿ ಕೂಗಿದ. "ಗುರುವಾರ ಹುಣ್ಣು! ಡಾಕ್ಟರಮ್ಮ ಸಿಫಿಲಿಸ್ ಅಂತ ಬರೆದುಕೊಟ್ಟಿದ್ದಾಳೆ. ಇನ್ನೇನು ಸಾಕ್ಷಿ ಬೇಕು?"

ಸಿಫಿಲಿಸ್!

ಆ ಹೆಸರು ಮಾತ್ರ ಒಳಗೆ ಇಳಿಯಿತು. ಹೋಗಿ ಸ್ವಿಚ್ ಆರಿಸಿದೆ.

"ಯಾಕೋ ಆರಿಸಿದೆ?" ಕೊಕ್ಕೆ ನನ್ನ ಗಂಟಲಿಗೆ ಬಂತು. ತಣ್ಣಗಿತ್ತು. ಅಷ್ಟೇ ಅನ್ನಿಸಿತು.

"ಧಣಿ, ಡಬ್ಬಿಗೆ ನೀರು ಹುಯ್ದರೆ ಎಷ್ಟು ಹೊತ್ತಿಗೆ ಐಸ್ ಗಡ್ಡೆ ಆಗುತ್ತೆ?"

"ತಲೆಹರಟೆ ಮಾಡ್ತೀಯಾ?"

"ಹೇಳಿ."

"ಒಂದು ಹಗಲು, ಒಂದು ರಾತ್ರಿ. ಯಾಕೆ?"

"ಈಗ ಬಂದ ಆಳು ಗಂಟೆಯೊಳಗೆ ಡಬ್ಬಿ ಎತ್ತಿ, ಇಗೋ ನಾನು ಮಾಡಿದ ಗಡ್ಡೆ ಅಂದ್ರೆ?"

"ಕಪಾಳಕ್ಕೆ ಬಿಡ್ತೀನಿ! ಅದು ನಿನ್ನೆಯವನು ಹುಯ್ದ ನೀರು. ಎತ್ತಿದವನದ್ದು ಹೇಗಾಗುತ್ತೆ..."

ಅರ್ಧಕ್ಕೇ ನಿಲ್ಲಿಸಿದ. ಮೂವತ್ತು ವರ್ಷ ಐಸ್ ಮಾಡಿದವನು. ಈ ಹುಣ್ಣಿನ ಹೊತ್ತು ಮಾತ್ರ ಕೇಳಿರಲಿಲ್ಲ!

"ಈ ಹುಣ್ಣಿಗೂ ಅದರದೇ ಹೊತ್ತಿದೆ. ಅಂಟಿದ ಮೇಲೆ ಹತ್ತು ದಿನದೊಳಗೆ ಕಾಣಿಸಲ್ಲ. ಸಾಮಾನ್ಯವಾಗಿ ಮೂರು ವಾರ. ಮೂರು ತಿಂಗಳಾದ್ರೂ ಆಗಬಹುದು. ನಾಲ್ಕೇ ದಿನಕ್ಕೆ ಉರಿಯೋ ರೋಗ ಬೇರೆ. ಇವನು ನಿಮ್ಮಲ್ಲಿಗೆ ಬಂದೇ ಎಂಟು ದಿನ."

"ನೀನೇನು ಡಾಕ್ಟರಾ?"

"ಅಲ್ಲ. ರೋಗಿ ಆಗಿದ್ದೆ."

ಹೇಳಬಾರದೆಂದಿದ್ದೆ. ಹೇಳಿದೆ.

"ನನ್ನ ಹೆಂಡ್ತಿಗೂ ಹೀಗೇ ಆಯ್ತು. ಅವಳ ಆಫೀಸಿನ ಗುಮಾಸ್ತನ ಎರಡೂ ಕೈ ಮುರಿದೆ. ಆಮೇಲೆ ಆಸ್ಪತ್ರೆಯ ನರ್ಸಮ್ಮ ಕೂರಿಸಿಕೊಂಡು ದಿನ ಎಣಿಸೋದು ಕಲಿಸಿದಳು. ಎಣಿಸುತ್ತಾ ಹೋದೆ... ಕೊನೆಗೆ ಬೆರಳು ನನ್ನ ಎದೆಗೇ ಬಂತು. ಹೆಂಡ್ತಿ ಬಿಟ್ಟು ಹೋದಳು, ಎಂಟು ವರ್ಷವಾಯ್ತು. ಗುಮಾಸ್ತ ಇವತ್ತಿಗೂ ಬಲಗೈಯಲ್ಲಿ ಪೆನ್ ಹಿಡಿಯಲಾರ."

ಡ್ರೈವರ್ ಮಷೀನಿನ ಬಳಿಯಿಂದ ಕೈ ಹಿಂದಕ್ಕೆಳೆದುಕೊಂಡ.

ಕೊಕ್ಕೆಯನ್ನು ಇನ್ನೊಂದು ಕೈಗೆ ಬದಲಿಸುವಾಗ ಧಣಿಯ ಅಂಗೈ ಕಂಡೆ. ಅಲ್ಲಲ್ಲಿ ಕೆಂಪು ಬೊಟ್ಟು.

"ಅದೇನು?"

"ಡಬ್ಬಿ ಮುಳುಗಿಸೋ ಉಪ್ಪುನೀರಿನ ಕೆಲಸ. ಚರ್ಮ ಏಳುತ್ತೆ."

"ತುರಿಸುತ್ತಾ?"

"...ಇಲ್ಲ."

"ಹಿಂದೆ ಕೆಳಗೆಲ್ಲಾದರೂ ಹುಣ್ಣಾಗಿತ್ತಾ? ನೋವೇ ಇಲ್ಲದ್ದು?"

ಕೊಕ್ಕೆ ಠಣ್ಣನೆ ನೆಲಕ್ಕೆ ಬಿತ್ತು.

"ಹೊಸ ಕಂಪ್ರೆಸರ್ ತರೋಕೆ ಹೋಗಿದ್ದೆ... ಮೂರು ತಿಂಗಳಾಯ್ತು. ಅಲ್ಲಿ ಒಬ್ಬಳ ಹತ್ತಿರ, ಒಂದೇ ಸಲ ಕಣೋ! ಹುಣ್ಣು ತಾನಾಗೇ ಮಾಯ್ತಲ್ಲ?"

"ಮಾಯಲಿಲ್ಲ. ಒಳಗೆ ಹೋಯ್ತು. ಈಗ ಅಂಗೈಯಲ್ಲಿ ಮೇಲೆದ್ದಿದೆ. ನಡುವೆ ನಿಮ್ಮ ಮನೆಯಾಕೆಗೆ ಕೊಟ್ಟಿರಿ."

ಅವನು ಐಸ್ ಗಡ್ಡೆಯ ಮೇಲೇ ಕುಸಿದು ಕೂತ. ತಣುಪು ತಾಕಿದಂತೆ ಕಾಣಲಿಲ್ಲ.

"ಔಷಧಿ?"

"ಇಂಜೆಕ್ಷನ್ ಇದೆ. ಇಬ್ಬರಿಗೂ ಬೇಕು."

"ನಿನ್ನೆ ಅವಳ ಮುಖಕ್ಕೆ ಹೊಡೆದೆನಲ್ಲೋ..."

"ಅದಕ್ಕೆ ಇಂಜೆಕ್ಷನ್ ಇದೆ ಅಂತ ನಾನು ಕೇಳಿಲ್ಲ."

ಡ್ರೈವರ್ ಬಾಗಿಲ ತನಕ ಹೋದವನು ತಿರುಗಿ ನಿಂತ. ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಇಷ್ಟೆಲ್ಲ ಗೊತ್ತಿದ್ದವನು ಲಾರಿಯಡಿಯಿಂದ ಎಳೆಯೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?"

ಅವನು ಹತ್ತಿರ ಬಂದು ನನ್ನ ಮುಖಕ್ಕೆ ಉಗಿದು ಹೋದ. ಒರೆಸಿಕೊಂಡೆ.

ಮಧ್ಯಾಹ್ನ ಧಣಿಯನ್ನು ಕರೆದುಕೊಂಡು ಕ್ಲಿನಿಕ್‌ಗೆ ಹೋದೆ. ಬೆಂಚಿನ ಆ ತುದಿಯಲ್ಲಿ ಧಣಿಯ ಹೆಂಡತಿ ಮೊದಲೇ ಕೂತಿದ್ದಳು. ಕೆನ್ನೆ ಊದಿತ್ತು. ಗಂಡನ ಅಂಗೈ ನೋಡಿದಳು... ಮುಖ ನೋಡಲಿಲ್ಲ.

ಕೌಂಟರಿನ ಹುಡುಗಿ ಧಣಿಯ ಕಡೆ ನೋಡಿ ನನ್ನನ್ನು ಕೇಳಿದಳು: "ಇವರು ನಿಮಗೇನಾಗಬೇಕು?"

"ರೋಗ ಅಂಟಿಸಿದವನನ್ನ ಹಿಡ್ಕೊಂಡು ಬಾ ಅಂತ ಇವರೇ ಹೇಳಿದ್ರು," ಎಂದೆ. "ಹಿಡ್ಕೊಂಡು ಬಂದಿದ್ದೀನಿ. ಟೋಕನ್ ಕೊಡಿ!"